ಮಲಾವಿಯಲ್ಲಿ ಮಾಡಿದ ಬಾಣಂತನ

ಯಾದಗಿರಿ ಸ್ಟೇಷನ್

ಪರದೇಶಕ್ಕೆ ಹೋಗುವ ಸುದ್ದಿಯನ್ನು ಹೋಗಿ ಬಂದ ಮೇಲೆ ಹೇಳಬೇಕು ಎನ್ನುತ್ತಾರೆ ತಿಳಿದವರು. ನಾನು ಪಾಸ್‌ಪೋರ್ಟ್ ಕೈಗೆ ಬರುವ ಮೊದಲೇ ಹೇಳಿಕೊಂಡು ತಿರುಗಿದೆ. ಸುರಪುರದ ರಂಗಂಪೇಟೆಯ ನಮ್ಮ ಓಣಿಯ ಕಿರಾಣಿ ಅಂಗಡಿಯಿಂದ ಹಿಡಿದು ಶಹಾಪುರದ ನನ್ನ ತವರಿನವರೆಗೆ, ಸುಜಾತಾ ಸಿಸ್ಟರ್ ಆಫ್ರಿಕಾಕ್ಕೆ ಹೊರಟಿದ್ದಾಳೆ ಎಂಬುದು ಗೊತ್ತಿಲ್ಲದ ಮನೆ ಉಳಿಯಲಿಲ್ಲ. ಹರೆಯದಿಂದ ಹೆರಿಗೆ ಕೋಣೆಯಲ್ಲೇ ದುಡಿದು, ಎಷ್ಟೋ ಊರಿನ ಕೂಸುಗಳನ್ನು ಮೊದಲು ಕೈಯಲ್ಲಿ ಹಿಡಿದು, ಈಗ ನಿವೃತ್ತಳಾಗಿ ಮನೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದವಳಿಗೆ ಇಂಥ ಯೋಗ ಬಂದರೆ ಬಾಯಿ ಮುಚ್ಚಿಕೊಂಡಿರಲು ಆಗುತ್ತದೆಯೇ?

ನರ್ಸುಗಳ ಒಂದು ಸಂಘದವರು ನಮ್ಮಂಥ ಕೆಲವರನ್ನು ಮಲಾವಿ ಎಂಬ ದೇಶಕ್ಕೆ ಕರೆದುಕೊಂಡು ಹೊರಟಿದ್ದರು. ಅದು ನಮಗಿಂತ ಬಡ ದೇಶ. ಆದರೂ ಅಲ್ಲಿ ಹೆರಿಗೆಗೆ ಬಂದ ಹೆಂಗಸಿನಿಂದ ಒಂದು ಕಾಸೂ ತೆಗೆದುಕೊಳ್ಳುವುದಿಲ್ಲವಂತೆ. ಇದು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಿ ಬರುವುದು ನಮ್ಮ ಕೆಲಸ.

ಚೀಲಕ್ಕೆ ಬಟ್ಟೆ ತುಂಬುವ ಮೊದಲು ನಾನು ಜೋಳದ ಕಟಕ ರೊಟ್ಟಿ ತುಂಬಿದೆ. ಆಮೇಲೆ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಬಾಣಂತಿಯರಿಗೆ ಕೊಡೋಣವೆಂದು ಅಂಟಿನುಂಡಿ, ಬಸುರಿಯರಿಗೆಂದು ಹಸಿರು ಬಳೆ. ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬೈ ಗಾಡಿಗೆ ಕಾಯುವಾಗ ನಮ್ಮ ಯಜಮಾನರು ಚೀಲ ಎತ್ತಿ ನೋಡಿ ಕೆಳಗಿಟ್ಟರು. ಬಿರುಬಿಸಿಲು. ಭೀಮಾ ಕಡೆಯಿಂದ ಬರುವ ಗಾಳಿಯೂ ಕುಲುಮೆಯ ಗಾಳಿಯ ಹಾಗಿತ್ತು.

"ಅಲ್ಲಿ ಸಿಂಹ ಅದಾವಂತ. ಹುಷಾರ್ ಇರು," ಅಂದರು.

ನನ್ನ ಜೊತೆ ಹೊರಟಿದ್ದ ಗುರುಮಠಕಲ್ಲಿನ ಲಕ್ಷ್ಮಿ ಸುಮ್ಮನಿರಬೇಕಲ್ಲ. "ಸಿಂಹಕ್ಕ ಹೇಳ್ರಿ ಸರ್, ಹುಷಾರ್ ಇರು ಅಂತ. ಅಕ್ಕ ಹೊಂಟಾಳ."

ಲಿಲಾಂಗ್ವೆ ವಿಮಾನ ನಿಲ್ದಾಣ

ರಾಜಧಾನಿ ಲಿಲಾಂಗ್ವೆಯಲ್ಲಿ ಇಳಿದಾಗ ಚಳಿ! ಏಪ್ರಿಲ್ ತಿಂಗಳಲ್ಲಿ ಚಳಿ! ಸುರಪುರದಲ್ಲಿ ನೆಲದ ಮೇಲೆ ಕಾಲಿಡಲಾಗದ ದಿನಗಳಲ್ಲಿ ನಾನು ಸೆರಗು ಹೊದ್ದುಕೊಂಡು ನಡುಗುತ್ತಿದ್ದೆ, ಅದೂ ಆಫ್ರಿಕಾದಲ್ಲಿ. ಭೂಗೋಳದ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರು ಈಗ ಸಿಕ್ಕಿದ್ದರೆ ಜಗಳವಾಡುತ್ತಿದ್ದೆ.

ನನ್ನ ಚೀಲವನ್ನು ಒಬ್ಬ ಅಧಿಕಾರಿ ಪಕ್ಕಕ್ಕೆ ಇಡಿಸಿದ. ಚೆಂದದ ಆಳು, ಇಸ್ತ್ರಿ ಮುರಿಯದ ಅಂಗಿ. ರೊಟ್ಟಿಯ ಕಟ್ಟು ಬಿಚ್ಚಿ ಒಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ. ಟಣ್ ಎಂದಿತು. ತಿನ್ನುವ ಪದಾರ್ಥ ಎಂದರೆ ನಂಬಲೊಲ್ಲ. ನಾನು ಅವನ ಕೈಯಿಂದಲೇ ಮುರಿದುಕೊಂಡು ಕಟಕಟ ತಿಂದು ತೋರಿಸಿದೆ. ಹಿಂದೆ ನಿಂತ ಸಾಲು ಪೂರಾ ನನ್ನ ಬಾಯಿಯನ್ನೇ ನೋಡುತ್ತಿತ್ತು. ಆಮೇಲೆ ಅವನಿಗೆ ಅಂಟಿನುಂಡಿ ಸಿಕ್ಕಿತು. ಮೂಸಿ, ಇದೇನು ಎಂದ. ಹೆತ್ತ ತಾಯಿಗೆ ಸೊಂಟ ಗಟ್ಟಿಯಾಗಲು ಕೊಡುವುದು ಎಂದೆ. ಅಷ್ಟೇ, ಮುಖವೇ ಬದಲಾಯಿತು. ಅವನ ಹೆಂಡತಿ ಹೆತ್ತು ಇನ್ನೂ ವಾರವಾಗಿರಲಿಲ್ಲವಂತೆ. ಉಂಡಿ ಕೈಗಿಟ್ಟು, "ಇದು ಆಕೆಗೆ, ನಿನಗಲ್ಲ," ಎಂದು ಬೆರಳು ತೋರಿಸಿ ಹೇಳಿದೆ. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡು, ಮೆಲ್ಲಗೆ ಚಪ್ಪಾಳೆ ತಟ್ಟಿ "ಜಿಕೋಮೊ" ಅಂದ. ಅಲ್ಲಿ ಕೃತಜ್ಞತೆ ಹೇಳುವುದು ಹೀಗೆ, ಚಪ್ಪಾಳೆಯೊಂದಿಗೆ. ಬಂದ ಮೊದಲ ದಿನವೇ ನನಗೆ ಚಪ್ಪಾಳೆ ಬಿತ್ತು ಎಂದು ಲಕ್ಷ್ಮಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಆಸ್ಪತ್ರೆಯ ಅಂಗಳ

ನಾವು ಉಳಿದದ್ದು ಹಳ್ಳಿಗಾಡಿನ ಒಂದು ಚರ್ಚ್ ಆಸ್ಪತ್ರೆಯಲ್ಲಿ. ಕೆಂಪು ಇಟ್ಟಿಗೆಯ ಕಟ್ಟಡ, ಅಂಗಳದಲ್ಲಿ ದೊಡ್ಡ ಮಾವಿನ ಮರಗಳು. ಹೆರಿಗೆ ವಿಭಾಗ ನೋಡಿಕೊಳ್ಳುವ ಸಿಸ್ಟರ್ ಹೆಸರು ಟಮಾಂಡಾ. ನನ್ನ ವಾರಿಗೆಯವಳು, ನನ್ನಷ್ಟೇ ದಪ್ಪ, ನನಗಿಂತ ಜೋರು. ನೋಡಿದ ಕೂಡಲೇ ಪಕ್ಕದ ಮನೆಯವಳು ಅನ್ನಿಸಿತು. ಅವಳು ಮಾತಾಡಿದ್ದು ಇಂಗ್ಲಿಷು, ಹಳ್ಳಿಯವರ ಮಾತನ್ನು ನನಗೆ ತಿಳಿಸಿದ್ದೂ ಅದರಲ್ಲೇ. ಆದರೆ ನನ್ನ ಕಿವಿಗೆ ಎಲ್ಲವೂ ನಮ್ಮ ಸುರಪುರದ ಮಾತಾಗಿಯೇ ಬೀಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

"ಮೊದಲ ಇಲ್ಲಿ ರೊಕ್ಕ ಕಟ್ಟಿಸ್ಕೊಂತಿದ್ವಿ," ಎಂದಳು ಟಮಾಂಡಾ, ಏನೂ ಮುಚ್ಚಿಡದೆ. "ಬರೋರು ಬರೂದು ತಡ ಮಾಡ್ತಿದ್ರು. ಮನ್ಯಾಗ ನೋಡೂನು, ಆಗಲಿಲ್ಲ ಅಂದ್ರ ಹೋಗೂನು ಅಂತ. ಈಗ ಸರ್ಕಾರ ನಮ್ಮ ಕೂಡ ಒಪ್ಪಂದ ಮಾಡ್ಕೊಂಡದ. ಹೆರಿಗಿ ಖರ್ಚೆಲ್ಲಾ ಅವರೇ ಕೊಡ್ತಾರ. ಬಸುರಿಗೆ ಪೂರಾ ಮಾಫ್. ಆಪರೇಷನ್ನೂ ಮಾಫ್."

ಅಂಗಳದ ಒಂದು ಮಗ್ಗುಲಿಗೆ ಉದ್ದನೆಯ ಮನೆ. ದೂರದ ಹಳ್ಳಿಯ ಬಸುರಿಯರು ದಿನ ತುಂಬುವ ಮೊದಲೇ ಬಂದು ಅಲ್ಲಿ ಉಳಿಯುತ್ತಾರೆ. ಇನ್ನೊಂದು ಮಗ್ಗುಲಿಗೆ ಹೊಗೆಯಾಡುವ ಚಪ್ಪರ, ಅದರಡಿ ಸಾಲು ಸಾಲು ಮೂರು ಕಲ್ಲಿನ ಒಲೆ. ಆಸ್ಪತ್ರೆ ಔಷಧ ಕೊಡುತ್ತದೆ, ಹಾಸಿಗೆ ಕೊಡುತ್ತದೆ, ಊಟ ಕೊಡುವುದಿಲ್ಲ. ಆದ್ದರಿಂದ ಪ್ರತಿ ಬಸುರಿಯ ಜೊತೆ ಒಬ್ಬಳು ಬರಲೇಬೇಕು, ಅಡುಗೆ ಮಾಡಲು, ಬಟ್ಟೆ ಒಗೆಯಲು, ಬಾಣಂತಿಯ ಕೂಸನ್ನು ಎತ್ತಿಕೊಳ್ಳಲು. ಅವಳನ್ನು ಗಾರ್ಡಿಯನ್ ಎನ್ನುತ್ತಾರೆ. ಗಾರ್ಡಿಯನ್ ಇಲ್ಲದೆ ಯಾರೂ ಆಸ್ಪತ್ರೆಯ ಕಡೆ ಹೆಜ್ಜೆ ಇಡುವುದಿಲ್ಲ. ಹಾಗೆ ಬಂದರೆ ಹಿಂದೆ ಮುಂದೆ ಯಾರೂ ಇಲ್ಲದವಳು ಎಂದು ಜನ ಆಡಿಕೊಳ್ಳುತ್ತಾರಂತೆ.

ಬೆಳಿಗ್ಗೆ ಆ ಒಲೆಗಳ ಹೆಂಗಸರೆಲ್ಲ ಸೇರಿ ಹಾಡತೊಡಗಿದರು. ನಾನು ಪ್ರಾರ್ಥನೆ ಎಂದುಕೊಂಡು ಕೈ ಮುಗಿದು ಕಣ್ಣು ಮುಚ್ಚಿ ನಿಂತೆ. ಅದು ಕೈ ತೊಳೆದುಕೊಳ್ಳುವ, ಕೂಸಿಗೆ ಬೇಗ ಮೊಲೆಹಾಲು ಕೊಡುವ ಪಾಠವಂತೆ! ಅಲ್ಲಿ ಆರೋಗ್ಯದ ಪಾಠವನ್ನು ಹಾಡಿ ಕುಣಿದು ಹೇಳುತ್ತಾರೆ. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಹೇಳಿದ್ದನ್ನು ಇವರು ಸೊಂಟ ಕುಣಿಸಿ ಹೇಳುತ್ತಿದ್ದರು. ನಾನೂ ಕುಣಿದೆ. ಲಕ್ಷ್ಮಿ ವಿಡಿಯೊ ಮಾಡಿ ಊರಿಗೆ ಕಳಿಸಿಬಿಟ್ಟಳು.

ಇಷ್ಟೆಲ್ಲ ಸಂಭ್ರಮದ ನಡುವೆ ಟಮಾಂಡಾ ಮಾತ್ರ ಆಗಾಗ ಗೇಟಿನ ಕಡೆ ನೋಡುತ್ತಿದ್ದಳು. ಯಾರಿಗೆ ಕಾಯುತ್ತಿದ್ದೀ ಎಂದು ಕೇಳಿದೆ.

"ಚಿಸೋಮೊ ಅಂತ ಒಬ್ಬಾಕಿ ಹುಡುಗಿ. ಹಿಂದಿನ ಸಲ ಹೊಟ್ಟಿ ಕೊಯ್ದು ತೆಗದೀವಿ. ಕೂಸು ಉಳೀಲಿಲ್ಲ. ಈ ಸಲ ಮನ್ಯಾಗ ಬ್ಯಾನಿ ಸುರು ಆದ್ರ ಹಳೇ ಹೊಲಿಗಿ ಹರೀತದ. ಮುಂದಿನ ವಾರ ಆಪರೇಷನ್ ಇಟ್ಟೀವಿ. ಇಷ್ಟೊತ್ತಿಗೆ ಇಲ್ಲಿ ಇರಬೇಕಿತ್ತು, ಇನ್ನೂ ಬಂದಿಲ್ಲ."

ಹಳೇ ಹೊಲಿಗೆ ಹರಿಯುವುದೆಂದರೆ ಏನೆಂದು ನನಗೆ ಗೊತ್ತು. ತಾಯಿ, ಮಗು ಇಬ್ಬರೂ ಹೋಗುತ್ತಾರೆ.

"ನಡಿ, ಹೋಗಿ ಕರ್ಕೊಂಡು ಬರೂನು," ಅಂದೆ.

ಸೈಕಲ್ಲಿನ ಹಿಂದಿನ ಸೀಟು

ಆಸ್ಪತ್ರೆಯ ಗಾಡಿ ಬೇರೆಲ್ಲಿಗೋ ಹೋಗಿತ್ತು. ಅಲ್ಲಿ ಆಟೊ ಇಲ್ಲ, ಸೈಕಲ್ಲೇ ಟ್ಯಾಕ್ಸಿ. ಹಿಂದೆ ಮೆತ್ತನೆಯ ಸೀಟು ಕಟ್ಟಿರುತ್ತಾರೆ, ಗಿರಾಕಿ ಕೂರಬೇಕು, ಅವನು ತುಳಿಯಬೇಕು. ನನ್ನ ತೂಕ ನೋಡಿ ಸವಾರನ ಮುಖ ಸಪ್ಪಗಾಯಿತು. ಎರಡೂ ಕಡೆ ಕಾಲು ಹಾಕಿ ಕೂರು ಎಂದು ಸನ್ನೆ ಮಾಡಿದ. ಸೀರೆ ಉಟ್ಟವಳು ಹಾಗೆ ಕೂರುವುದುಂಟೇ? ನಮ್ಮೂರಿನಲ್ಲಿ ಸ್ಕೂಟರಿನ ಮೇಲೆ ಕೂರುವ ಹಾಗೆ ಒಂದೇ ಮಗ್ಗುಲಿಗೆ ಕೂತೆ. ಮೊದಲ ತಿರುವಿನಲ್ಲಿ ಸೈಕಲ್ಲು, ಸವಾರ, ನಾನು, ಮೂವರೂ ಮೆಕ್ಕೆಜೋಳದ ಹೊಲದೊಳಗೆ ಬಿದ್ದಿದ್ದೆವು. ಮುಂದಿನ ಸೈಕಲ್ಲಿನಲ್ಲಿದ್ದ ಟಮಾಂಡಾ ಇಳಿದು ಬಂದು, ಎತ್ತುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡೆಗೆ ಅವಳು ಸುತ್ತಿಕೊಂಡಿದ್ದ ಚಿತೇಂಜಿ ಎಂಬ ಬಣ್ಣದ ಬಟ್ಟೆಯನ್ನು ನನ್ನ ಸೀರೆಯ ಮೇಲೆ ಸುತ್ತಿ, ಗಂಡಸಿನಂತೆ ಕೂರಿಸಿದಳು. ಆಹಾ, ಏನು ಗಾಳಿ, ಏನು ಕೆಂಪು ದಾರಿ! ಯಾರು ನೋಡಿದರೆ ನನಗೇನು ಎಂದು ಕೂತೆ.

ದಾರಿಯಲ್ಲಿ ಟಮಾಂಡಾ ಇನ್ನೊಂದು ಸಂಗತಿ ಹೇಳಿದಳು. ಈ ಸೀಮೆಯ ಚೆವಾ ಜನರಲ್ಲಿ ಮದುವೆಯಾದ ಮೇಲೆ ಗಂಡನೇ ಬಂದು ಹೆಂಡತಿಯ ಊರಲ್ಲಿ ಇರುತ್ತಾನೆ. ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಮತ್ತೆ ಕೇಳಿದೆ. ಹೌದು, ಗಂಡನೇ! ಹೆಣ್ಣು ಹುಟ್ಟಿದ ಮನೆಯಲ್ಲೇ ಹೆರುತ್ತಾಳೆ, ಅಲ್ಲೇ ಮುದುಕಿಯಾಗುತ್ತಾಳೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಲು ಎಷ್ಟು ಚೌಕಾಸಿ ನಡೆಯುತ್ತದೆ, ಕರೆಯಲು ಬಂದ ಅಪ್ಪ ಎಷ್ಟು ಹೊತ್ತು ಹಜಾರದಲ್ಲಿ ಕೂರುತ್ತಾನೆ! ನಾನು ಸೈಕಲ್ಲಿನ ಮೇಲೆ ಕೂತೇ ಇಡೀ ಸುರಪುರ ತಾಲ್ಲೂಕಿನ ಅಳಿಯಂದಿರನ್ನು ನೆನೆದು ನಕ್ಕೆ.

ಶೇಂಗಾ ಹೊಲ

ಚಿಸೋಮೊಳ ಮನೆಯವರೆಲ್ಲ ಹೊಲದಲ್ಲಿದ್ದರು. ಶೇಂಗಾ ಹೊಲ! ಬಳ್ಳಿ ಕಿತ್ತು, ಬೇರು ಮೇಲೆ ಮಾಡಿ ಸಾಲಾಗಿ ಒಣಹಾಕಿದ್ದರು. ಆ ಹಸಿ ಮಣ್ಣಿನ ವಾಸನೆಗೆ ಶಹಾಪುರದ ಬುದ್ಧ ಮಲಗಿದ ಬೆಟ್ಟದ ಕೆಳಗೆ ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದ ದಿನಗಳು ಒಮ್ಮೆಲೇ ಮೂಗಿಗೆ ಬಂದವು.

ನಾನು ಹೋದವಳೇ ಒಂದು ಎಡವಟ್ಟು ಮಾಡಿದೆ. ತುಂಬಿದ ಹೊಟ್ಟೆಯ ಸಣಕಲು ಹುಡುಗಿ ಎದ್ದು ನಿಂತದ್ದೇ ತಡ, ಹೊಟ್ಟೆಯ ಮೇಲೆ ಕೈಯಿಟ್ಟು ಎಷ್ಟನೇ ತಿಂಗಳು ಎಂದು ದೊಡ್ಡ ದನಿಯಲ್ಲಿ ಕೇಳಿ, ಚೀಲದಿಂದ ಹಸಿರು ಬಳೆ ತೆಗೆದು ಅವಳ ಕೈ ಹಿಡಿದೆ. ಪಕ್ಕದ ಹೊಲದ ಹೆಂಗಸರೂ ನೆಲ ನೋಡಿದರು. ಚಿಸೋಮೊ ಕೈ ಎಳೆದುಕೊಂಡು ಚಿತೇಂಜಿಯಿಂದ ಹೊಟ್ಟೆ ಮುಚ್ಚಿಕೊಂಡಳು. ಟಮಾಂಡಾ ಕಿವಿಯಲ್ಲಿ ಹೇಳಿದಳು, ಇಲ್ಲಿ ಬಸಿರನ್ನು ಬಾಯಿಬಿಟ್ಟು ಆಡುವುದಿಲ್ಲ, ಯಾರ ಕಣ್ಣು ಹೇಗಿರುತ್ತದೋ ಎಂಬ ಭಯ. ನಮ್ಮಲ್ಲಿ ಬಸುರಿಗೆ ಕುಬಸ ಮಾಡುವುದೆಂದರೆ ಓಣಿಗೆಲ್ಲ ಊಟ, ಹಾಡು, ಉಡಿ ತುಂಬುವುದು. ನಾನು ಬಳೆಗಳನ್ನು ಕಳ್ಳಮಾಲಿನ ಹಾಗೆ ಚೀಲಕ್ಕೆ ತುರುಕಿದೆ.

ಮನೆಯ ಹಿರಿಯ ಚಿಸೋಮೊಳ ಸೋದರಮಾವ. ಅಲ್ಲಿ ಅಪ್ಪನಿಗಿಂತ ಅವನ ಮಾತೇ ಮೇಲು. ಬಿಳಿ ಕೂದಲಿನ, ನಿಧಾನದ ಮನುಷ್ಯ. ಟಮಾಂಡಾ ಎಲ್ಲ ಹೇಳಿದಳು. ಒಂದು ಕಾಸೂ ಕೊಡಬೇಕಿಲ್ಲ, ಬಂದರೆ ಸಾಕು ಎಂದಳು.

ಅವನು ಹೊಲದ ಕಡೆ ಕೈ ತೋರಿಸಿದ. "ರೊಕ್ಕ ಮಾಫ್ ಆತು, ಖರೇ. ಈ ಹೊಲ ಮಾಫ್ ಆಗ್ಯದೇನು? ಬಳ್ಳಿ ಕಿತ್ತು ಹಾಕೀವಿ. ಬಿಡಿಸಿ ಮನಿಗೆ ಒಯ್ಯದಿದ್ರ ಆಡು ತಿಂತಾವ, ಗೆದ್ದಲ ತಿಂತದ. ವರ್ಷದ ಕೂಳು ಇದು. ಗಾರ್ಡಿಯನ್ ಅಂತ ಯಾರನ್ನ ಕಳಸ್ಲಿ?"

"ನಾ ಹೋಗ್ತೀನಿ," ಎಂದ ಚಿಸೋಮೊಳ ಗಂಡ ಯೊಹಾನೆ. ಎಲ್ಲರೂ ನಕ್ಕರು. ಆ ಒಲೆಗಳ ಚಪ್ಪರಕ್ಕೆ ಗಂಡಸು ಕಾಲಿಡುವಂತಿಲ್ಲ. ಪಾಪ, ಹುಡುಗ ಕಿವಿಯವರೆಗೆ ನಾಚಿಕೊಂಡ. ಚಿಕ್ಕಮ್ಮ ಆಗಲೇ ತನ್ನ ಮಗಳ ಬಾಣಂತನಕ್ಕೆ ಬೇರೆ ಊರಿಗೆ ಹೋಗಿದ್ದಳು. ಉಳಿದವಳು ತಾಯಿ ಒಬ್ಬಳೇ. ಅವಳು ಎದ್ದರೆ ಶೇಂಗಾ ಹೋಗುತ್ತದೆ, ಏಳದಿದ್ದರೆ ಮಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತೇವೆ. ಇಲ್ಲಿ ಸರ್ಕಾರವೂ ಕೊಟ್ಟಿತ್ತು, ಆಸ್ಪತ್ರೆಯೂ ಕೊಟ್ಟಿತ್ತು, ಇಲ್ಲದ್ದು ಜೊತೆಗೆ ಹೋಗುವ ಎರಡು ಕೈ.

ಸುಮ್ಮನೆ ನಿಲ್ಲಲು ನನಗೆ ಬರುವುದಿಲ್ಲ. ತಾಯಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಳ್ಳಿ ಎಳೆದುಕೊಂಡು ಕಾಯಿ ಬಿಡಿಸತೊಡಗಿದೆ. ಎಡಗೈಯಲ್ಲಿ ಬಳ್ಳಿ ತಿರುವುತ್ತ ಬಲಗೈಯಲ್ಲಿ ಹಿಡಿ ಹಿಡಿಯಾಗಿ ಕೀಳುವುದು. ಚಿಕ್ಕಂದಿನಲ್ಲಿ ಕಲಿತದ್ದನ್ನು ಕೈ ಮರೆತಿರಲಿಲ್ಲ. ತಾಯಿ ನನ್ನ ಕೈ ನೋಡಿದಳು, ಮುಖ ನೋಡಿದಳು, ಏನೋ ಹೇಳಿ ಮೊದಲ ಸಲ ನಕ್ಕಳು.

"ಈಕಿ ದವಾಖಾನಿಯಾಕಿ ಅಲ್ಲ, ಶೇಂಗಾ ಹೊಲದಾಕಿ ಅನ್ನಾಕತ್ತಾಳ," ಎಂದಳು ಟಮಾಂಡಾ.

ಕೆಲಸ ಮಾಡುತ್ತ ಮಾಡುತ್ತ ತಾಯಿ ಮಾತಾಡಿದಳು. ಹಿಂದಿನ ಸಲ ಆಸ್ಪತ್ರೆಯಲ್ಲಿ ರೊಕ್ಕ ಕಟ್ಟಬೇಕಿತ್ತು. ಮಗಳಿಗೆ ನೋವು ಶುರುವಾದ ಮೇಲೆ ಮಾವ ಆಡು ಮಾರಲು ಸಂತೆಗೆ ಹೋದ. ಅವತ್ತು ಕೊಳ್ಳುವವರು ಸಿಗಲಿಲ್ಲ. ಮರುದಿನ ಸಿಕ್ಕರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಒಳಗಿನ ಕೂಸು ಸುಮ್ಮನಾಗಿತ್ತು. ಇದನ್ನು ಹೇಳುವಾಗ ಅವಳ ಕೈ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಕೈ ನಿಂತಿತು.

"ನಾ ಇರ್ತೀನಿ," ಅಂದೆ. "ಚಿಸೋಮೊಗ ನಾನೇ ಗಾರ್ಡಿಯನ್. ಟಮಾಂಡಾ, ಅವರಿಗೆ ಹೇಳು. ಅಡಿಗಿ ಮಾಡ್ತೀನಿ, ಅರಿಬಿ ಒಗೀತೀನಿ. ಈ ಅವ್ವ ಹೊಲ ಮುಗಿಸ್ಕೊಂಡು ಬರ್ಲಿ."

ಮಾವ ನನ್ನ ಕಡೆ ನೋಡಿದ. ಪರದೇಶದ ಹೆಂಗಸಿನ ಕೈಗೆ ಮನೆಮಗಳನ್ನು ಕೊಟ್ಟರೆ ಊರು ಏನನ್ನುತ್ತದೆ ಎಂದು ಯೋಚಿಸುತ್ತಿದ್ದನೇನೋ. ನನ್ನ ಮುಂದೆ ಬಿದ್ದಿದ್ದ ಕಾಯಿಯ ಗುಡ್ಡೆ ನೋಡಿದ. ಕಡೆಗೆ ತಾಯಿಯ ಕಡೆ ತಿರುಗಿದ. ಅವಳು ಬಳ್ಳಿ ಕೆಳಗಿಟ್ಟು, ಎದ್ದು ಹೋಗಿ ಮಗಳ ಗಂಟು ಕಟ್ಟತೊಡಗಿದಳು.

ಒಲೆಗಳ ಚಪ್ಪರ

ನಮ್ಮ ಗುಂಪಿನವರು ದೊಡ್ಡ ಸರೋವರ ನೋಡಲು ಹೊರಟರು. ಸಮುದ್ರದಂಥ ಸರೋವರವಂತೆ. "ಅಕ್ಕಾ, ಇಷ್ಟ ದೂರ ಬಂದು ನೀರ್ ನೋಡ್ದೆ ಹೊಗಿ ಕುಡ್ಕೊಂತ ಕುಂದರ್ತಿಯೇನು?" ಎಂದು ಲಕ್ಷ್ಮಿ ಅಲವತ್ತುಕೊಂಡಳು. ನೀರು ನೋಡುವುದಿದ್ದರೆ ನಮ್ಮಲ್ಲಿ ಕೃಷ್ಣಾ ಇದ್ದಾಳೆ ಎಂದೆ. ಯಜಮಾನರಿಗೆ ಫೋನ್ ಮಾಡಿದರೆ, "ರಿಟೈರ್ ಆದ್ರೂ ಡ್ಯೂಟಿ ಹುಡುಕ್ಕೊಂಡು ಆಫ್ರಿಕಾಕ್ಕ ಹೋಗ್ಯಾಳ," ಎಂದು ಪಕ್ಕದಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ದನಿಯಲ್ಲಿ ಹೆಮ್ಮೆ ಇತ್ತು, ನಾನು ನಗುತ್ತ ಫೋನ್ ಇಟ್ಟೆ.

ಗಾರ್ಡಿಯನ್ ಆಗುವುದು ಸುಲಭವಲ್ಲ. ಆ ಜನರ ಊಟ ನ್ಸಿಮಾ, ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಜೋಳದ ಮುದ್ದೆ ತಿರುವಿ ಬೆಳೆದವಳಿಗೆ ಇದೇನು ಮಹಾ ಎಂದು ಸೌಟು ಹಿಡಿದೆ. ಹಿಟ್ಟೆಲ್ಲ ಗಂಟು ಗಂಟು. ಪಕ್ಕದ ಒಲೆಯ ಹೆಂಗಸು ಬಗ್ಗಿ ನೋಡಿ, ಇನ್ನೊಬ್ಬಳನ್ನು ಕರೆದಳು. ಅವಳು ಮತ್ತೊಬ್ಬಳನ್ನು ಕರೆದಳು. ನೋಡನೋಡುತ್ತ ನನ್ನ ಒಲೆಯ ಸುತ್ತ ಜಾತ್ರೆ. ಮೊದಲು ತೆಳ್ಳಗೆ ಗಂಜಿ ಕುದಿಸಿ, ಆಮೇಲೆ ಹಿಟ್ಟು ಹಾಕುತ್ತ ಎರಡೂ ಕೈಯಿಂದ ಎಳೆದೆಳೆದು ತಿರುವಬೇಕಂತೆ. ನನ್ನ ಕೈಯಿಂದ ಸೌಟು ಕಸಿದು, ನನ್ನನ್ನು "ಅಮಾಯಿ" ಎಂದು ಕರೆದು ಕೂರಿಸಿದರು. ಅಲ್ಲಿ ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರೂ ಅಮಾಯಿ, ಅಂದರೆ ತಾಯಿ.

ನಾನೇನು ಸೋಲುತ್ತೇನೆಯೇ? ಮರುದಿನ ಅದೇ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಮಗುಚಿಟ್ಟ ಪಾತ್ರೆಯ ಮೇಲೆ ರೊಟ್ಟಿ ಬಡಿದೆ. ಟಪ ಟಪ ಟಪ. ಇಡೀ ಚಪ್ಪರ ಕೆಲಸ ಬಿಟ್ಟು ಆ ಸದ್ದಿಗೆ ಸೊಂಟ ಕುಣಿಸಿತು. ಸೊಪ್ಪಿನ ಪಲ್ಯಕ್ಕೆ ಅವರೂ ಶೇಂಗಾ ಪುಡಿ ಹಾಕುತ್ತಾರೆ. ನನ್ನ ಶೇಂಗಾ ಹಿಂಡಿಯ ಡಬ್ಬಿ ಒಂದೇ ಹೊತ್ತಿಗೆ ಖಾಲಿ, ಆಮೇಲೆ ಖಾರಕ್ಕೆ ಎಲ್ಲರ ಕಣ್ಣಲ್ಲಿ ನೀರು.

ಚಿಸೋಮೊ ಮಾತ್ರ ಉಣ್ಣುವುದು ಕಡಿಮೆ, ಮಾತು ಇನ್ನೂ ಕಡಿಮೆ. ಶಾಲೆಯಲ್ಲಿ ಕಲಿತ ಒಂದಿಷ್ಟು ಇಂಗ್ಲಿಷು ಇತ್ತು, ನಾಚಿಕೆಯಿಂದ ಆಡುತ್ತಿರಲಿಲ್ಲ. ಬಸುರಿಯರ ಮನೆಯಲ್ಲಿ ಎಲ್ಲರದ್ದೂ ತುಂಬಿದ ಹೊಟ್ಟೆಯೇ ಆದ್ದರಿಂದ ಅಲ್ಲಿ ಮುಚ್ಚುಮರೆ ಇರಲಿಲ್ಲ. ಒಂದು ಮಧ್ಯಾಹ್ನ ಅವಳಾಗಿಯೇ ನನ್ನ ಚೀಲದ ಕಡೆ ಬೆರಳು ತೋರಿಸಿದಳು. ಬಳೆ! ಅವಳ ಕೈಗೆ ಹಸಿರು ಬಳೆ ಏರಿಸಿದೆ. ಆಮೇಲೆ ಸಾಲು ಹಚ್ಚಿ ಬಂದ ಎಲ್ಲರ ಕೈಗೂ ಏರಿಸಿದೆ, ನಮ್ಮ ಬಳೆಗಾರತಿಯ ಹಾಗೆ ಮಣಿಕಟ್ಟು ಒತ್ತಿ ಒತ್ತಿ. ಅವಳು ಬಳೆ ಅಲುಗಿಸಿ ಸದ್ದು ಕೇಳುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ನನ್ನ ಕಡೆ ನೋಡದೆಯೇ ಕೇಳಿದಳು.

"ಈ ಕೂಸು ಅಳ್ತದೇನ್ರಿ?"

ಹಿಂದಿನದು ಅತ್ತಿರಲಿಲ್ಲ. ಹೂಂ ಎನ್ನಲು ನಾನು ದೇವರಲ್ಲ. ಆದರೂ ಹೂಂ ಅಂದೆ. "ಅಳ್ತದ. ಊರಿಗೆ ಕೇಳೂವಂಗ ಅಳ್ತದ." ಹೇಳಿದ ಮೇಲೆ ನನಗೇ ಭಯವಾಯಿತು.

ಬಾಗಿಲ ಹೊರಗೆ

ಆಪರೇಷನ್ನಿಗೆ ಇಟ್ಟ ದಿನ ಬರಲಿಲ್ಲ, ನೋವು ಮೊದಲೇ ಬಂತು. ಬೆಳಿಗ್ಗೆ ನಾನು ಗಂಜಿ ತಿರುವುತ್ತಿದ್ದಾಗ ಚಿಸೋಮೊ ಚಪ್ಪರದ ಕಂಬ ಹಿಡಿದು ನಿಂತಳು. ಆ ನಿಲುವು ನನಗೆ ಗೊತ್ತು. ಸೌಟು ಎಸೆದು ಅವಳ ತೋಳಿಗೆ ಕೈ ಕೊಟ್ಟು ಅಂಗಳ ದಾಟಿಸಿದೆ. ಅಂಗಳ ದಾಟಿದರೆ ಆಸ್ಪತ್ರೆ. ಆಡು ಮಾರುವುದಿಲ್ಲ, ಸಂತೆಗೆ ಓಡುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಅವಳ ಹಳ್ಳಿಯಲ್ಲಿದ್ದಿದ್ದರೆ ಈ ಹೊತ್ತಿಗೆ ಇನ್ನೂ ಸೈಕಲ್ ಹುಡುಕುತ್ತಿದ್ದರು.

ಟಮಾಂಡಾ ಅವಳನ್ನು ಒಳಗೆ ಕರೆದುಕೊಂಡಳು. ನಾನು ಸೀರೆ ಸಿಕ್ಕಿಸಿ, ತೋಳು ಮಡಚಿ ಹಿಂದೆಯೇ ಹೋದೆ. ಬಾಗಿಲಲ್ಲಿ ಅವಳ ಕೈ ಅಡ್ಡ ಬಂತು.

"ಎಲ್ಲಿ ಹೊಂಟಿ?"

"ಒಳಗ. ನನ್ನ ಜೀವಮಾನ ಪೂರಾ ಇದೇ ಕೆಲಸ ಮಾಡೀನಿ!"

"ಸುರಪುರದಾಗ ಮಾಡಿದಿ. ಇಲ್ಲಿ ನೀ ಗಾರ್ಡಿಯನ್. ಹೊರಗ ಕುಂದ್ರು!"

ಬಾಗಿಲು ಮುಚ್ಚಿತು. ಈ ಮಾತನ್ನು ಎಷ್ಟು ಸಾವಿರ ಜನರಿಗೆ ನಾನೇ ಹೇಳಿಲ್ಲ! ಅದನ್ನು ಕೇಳಿಸಿಕೊಂಡರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಒಳಗಿದ್ದರೆ ಕೈಗೆ ಕೆಲಸವಿರುತ್ತದೆ, ಭಯಕ್ಕೆ ಪುರಸೊತ್ತಿರುವುದಿಲ್ಲ. ಹೊರಗೆ ಕೂತವಳಿಗೆ ಬರೀ ಕಿವಿ. ಒಂದು ಪಾತ್ರೆ ಬಿದ್ದರೂ ಜೀವ ಬಾಯಿಗೆ ಬರುತ್ತದೆ. ಯಾರೋ ಓಡಿದರೆ ಯಾಕೆ ಓಡಿದರು, ಯಾರೂ ಓಡದಿದ್ದರೆ ಯಾಕೆ ಓಡಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಬಾಗಿಲ ಮೇಲಿನ ದೀಪ ಆರಿತು. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋದರೆ ಬೀಸಣಿಗೆ ಹುಡುಕುತ್ತೇವೆ, ಅವತ್ತು ನಾನು ಬಾಗಿಲು ಬಡಿಯಲು ಎದ್ದೆ. ನನ್ನ ಎರಡೂ ಮಗ್ಗುಲಿಗೆ ಆಗಲೇ ಒಲೆಯ ಹೆಂಗಸರು ಬಂದು ಕೂತಿದ್ದರು. ಗಂಜಿ ಕಲಿಸಿದವಳು ನನ್ನ ಸೆರಗು ಹಿಡಿದು ಕೂರಿಸಿದಳು. ಕಟ್ಟಡದ ಹಿಂದೆ ಜನರೇಟರ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು, ಆಮೇಲೆ ಧಡಧಡ ಎಂದು ಹಿಡಿದುಕೊಂಡಿತು. ದೀಪ ಬಂತು. ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಆ ಜನರೇಟರಿನ ಗದ್ದಲದಲ್ಲಿ ನನಗೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಪಕ್ಕದವಳು ತಟ್ಟನೆ ಬೆರಳು ಎತ್ತಿದಳು. ನಾನೂ ಕಿವಿಗೊಟ್ಟೆ. ಮೊದಲು ಬೆಕ್ಕಿನ ಮರಿಯ ಹಾಗೆ ಸಣ್ಣಗೆ. ಆಮೇಲೆ ಸಿಟ್ಟಿನಿಂದ, ಗಟ್ಟಿಯಾಗಿ, ಜನರೇಟರನ್ನೂ ಮೀರಿಸಿ!

ಬಾಗಿಲು ತೆರೆಯಿತು. "ಚಿಸೋಮೊನ ಗಾರ್ಡಿಯನ್ ಯಾರು?" ಎಂದು ಟಮಾಂಡಾ ಕೂಗಿದಳು, ನಾನು ಎದುರಿಗೇ ಕೂತಿದ್ದರೂ, ಪದ್ಧತಿ ಪ್ರಕಾರ. ನಾನು ಎದ್ದು ನಿಂತೆ. ಚಿತೇಂಜಿಯಲ್ಲಿ ಸುತ್ತಿದ ಹೆಣ್ಣುಕೂಸನ್ನು ನನ್ನ ಕೈಗೆ ಕೊಟ್ಟಳು. "ತಾಯಿ ಬರೋಬ್ಬರಿ ಅದಾಳ."

ಎಷ್ಟೋ ಕೂಸುಗಳನ್ನು ಎತ್ತಿದ ಕೈಗಳಲ್ಲಿ ಇದನ್ನೂ ಎತ್ತಿಕೊಂಡೆ. ಒಲೆಯ ಹೆಂಗಸರು ನಾಲಿಗೆ ಆಡಿಸಿ ಲುಲುಲುಲು ಎಂದು ಕೂಗಿದ ಕೂಗು ಸಂತೆಯವರೆಗೆ ಕೇಳಿಸಿರಬೇಕು. ನಾನು ಗೋಳೋ ಎಂದು ಅತ್ತುಬಿಟ್ಟೆ. ಕೂಸು ಒಂದು ಕಡೆ, ನಾನು ಒಂದು ಕಡೆ.

ಗೇಟು

ಶೇಂಗಾ ಮನೆಗೆ ಮುಟ್ಟಿಸಿ ತಾಯಿ ಬಂದಳು, ಹೊಲದ ಮಣ್ಣಿನ ಕಾಲಿನಲ್ಲೇ, ತಲೆಯ ಮೇಲೆ ನನಗೆಂದು ಒಂದು ಬುಟ್ಟಿ ಶೇಂಗಾ ಹೊತ್ತು. ಬುಟ್ಟಿ ಇಳಿಸಿ, ನನ್ನೆದುರು ಮಂಡಿಯೂರಿ ಚಪ್ಪಾಳೆ ತಟ್ಟಿದಳು. ದೊಡ್ಡವರು ಹೀಗೆ ಮಂಡಿಯೂರಿದರೆ ನೋಡಿಕೊಂಡು ನಿಲ್ಲಲಾಗುತ್ತದೆಯೇ? ನಾನೂ ಮಂಡಿಯೂರಿದೆ. ಆಮೇಲೆ ಇಬ್ಬರಿಗೂ ಏಳಲಾಗಲಿಲ್ಲ, ಇಬ್ಬರದ್ದೂ ಮಂಡಿ ನೋವು. ಒಬ್ಬರ ಭುಜ ಒಬ್ಬರು ಹಿಡಿದು, ನಕ್ಕು ನಕ್ಕು, ಹಾಗೂ ಹೀಗೂ ಎದ್ದೆವು.

ಮನೆಗೆ ಕಳಿಸುವ ದಿನ ಬಂತು. ಯೊಹಾನೆ ಗೇಟಿನ ಆಚೆ ಸೈಕಲ್ಲಿನ ಹಿಂದಿನ ಸೀಟಿಗೆ ದಪ್ಪನೆಯ ಬಟ್ಟೆ ಮಡಚಿ ಹಾಕಿ ಕಾಯುತ್ತಿದ್ದ. ಟಮಾಂಡಾ ಹೊಲಿಗೆ ನೋಡಿ, ಭಾರ ಎತ್ತಬೇಡ ಎಂದು ಗದರಿ ಬೀಳ್ಕೊಟ್ಟಳು. ಚಿಸೋಮೊ ಮುಂದೆ, ಕೂಸನ್ನು ಎತ್ತಿಕೊಂಡ ತಾಯಿ ಹಿಂದೆ, ಗಂಟು ಹೊತ್ತು ನಾನು ಅವಳ ಪಕ್ಕಕ್ಕೆ.

ಗೇಟಿನ ಹತ್ತಿರ ಬಂದು ತಾಯಿ ನಿಂತುಬಿಟ್ಟಳು. ಕೂಸನ್ನು ಒಂದು ತೋಳಿಗೆ ಬದಲಿಸಿ, ಇನ್ನೊಂದು ಕೈಯಿಂದ ಸೊಂಟದ ಬಟ್ಟೆಯ ಗಂಟು ಬಿಚ್ಚತೊಡಗಿದಳು. ಅದರಲ್ಲಿ ಮಡಚಿಟ್ಟ ನೋಟುಗಳಿದ್ದವು, ಶೇಂಗಾ ಮಾರಿದ್ದಿರಬೇಕು. ಕಾವಲುಗಾರ ಕುರ್ಚಿಯಲ್ಲಿ ಕೂತು ಕಬ್ಬು ಸಿಗಿದು ತಿನ್ನುತ್ತಿದ್ದ. ಅವನು ಒಮ್ಮೆ ನೋಡಿ, ಹೋಗು ಎಂದು ಗದ್ದ ಎತ್ತಿದ. ಅವಳು ಹೋಗಲಿಲ್ಲ. ಅವನು ಮತ್ತೆ ಕಬ್ಬಿಗೆ ಬಾಯಿ ಹಾಕಿದ. ಅವಳು ಆಸ್ಪತ್ರೆಯ ಕಡೆ ತಿರುಗಿ ನೋಡಿದಳು, ಯಾರಾದರೂ ಹಿಂದಿನಿಂದ ಕೂಗುತ್ತಾರೇನೋ ಎಂದು.

ಮುಂದೆ ಹೋಗಿದ್ದ ಚಿಸೋಮೊ ತಿರುಗಿ ಬಂದಳು. ತಾಯಿ ಅವಳಿಗೆ ಏನೋ ಹೇಳಿದಳು. ಚಿಸೋಮೊ ಅದನ್ನು ತನ್ನ ಶಾಲೆಯ ಇಂಗ್ಲಿಷಿನಲ್ಲಿ ನನಗೆ ಹೇಳಿದಳು, ಈ ಸಲ ನಾಚದೆ.

"ಆವಾಗ ರೊಕ್ಕ ಕೊಟ್ಟು ಬರೀ ಕೈಲೆ ಹೋದ್ವಿ. ಈಗ ಬರೀ ಕೈಲೆ ಬಂದು ಕೂಸು ಒಯ್ಯಾಕತ್ತೀವಿ. ಯಾರೂ ಏನೂ ಕೇಳವಲ್ರು. ಖರೇನ ಹೋಗಬಹುದೇನು ಅಂತಾಳ ಅವ್ವ."

ನಾನು ಇಂಗ್ಲಿಷು ಬಿಟ್ಟು ನಮ್ಮ ಮಾತಿಗೇ ಬಂದೆ. ತಾಯಿಯ ಬೆನ್ನಿನ ಮೇಲೆ ಕೈಯಿಟ್ಟು, "ನಡಿಯವ್ವಾ," ಅಂದೆ. "ಯಾರೂ ಕೇಳಂಗಿಲ್ಲ. ನಡಿ."

ನನ್ನ ಮಾತು ಅವಳಿಗೆ ತಿಳಿಯುವಂತಿರಲಿಲ್ಲ. ಆದರೂ ನೋಟಿನ ಗಂಟನ್ನು ಮತ್ತೆ ಕಟ್ಟಿ, ಕೂಸನ್ನು ಎದೆಗೆ ಒತ್ತಿಕೊಂಡು, ಒಂದು ಹೆಜ್ಜೆ ಗೇಟಿನ ಆಚೆಗಿಟ್ಟು ನಿಂತಳು. ಯಾರೂ ಕರೆಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು. ಆಮೇಲೆ ಯೊಹಾನೆಯ ಕಡೆ ಓಡಿದಳು.